ಕಾಲ ತಪ್ಪಿದರೆ ನೆಲೆ ತಪ್ಪೀತು: ಅಂತರಿಕ್ಷದ ಪರಮಾಣು ಗಡಿಯಾರಗಳೂ ನಮ್ಮ 'ನಾವಿಕ್' ವ್ಯವಸ್ಥೆಯೂ



2025ರ ಸಂಸತ್ತಿನ ಮುಂಗಾರು ಅಧಿವೇಶನದಲ್ಲಿ ಕೇಂದ್ರ ಸರ್ಕಾರವು ನೀಡಿದ ಒಂದು ಉತ್ತರ ನಮ್ಮಲ್ಲಿ ಅನೇಕರ ಗಮನಕ್ಕೆ ಬಾರದೆ ಹೋಗಿರಬಹುದು. ಭಾರತದ ಸ್ವಂತ ಸ್ಥಾನಸೂಚಕ ವ್ಯವಸ್ಥೆಯಾದ 'ನಾವಿಕ್'ಗಾಗಿ ಅಲ್ಲಿಯವರೆಗೆ ಹಾರಿಸಲಾಗಿದ್ದ 11 ಉಪಗ್ರಹಗಳ ಪೈಕಿ ಸ್ಥಾನ ಮತ್ತು ಕಾಲವನ್ನು ತಿಳಿಸುವ ಪೂರ್ಣ ಸೇವೆಯಲ್ಲಿ ಆಗ ಇದ್ದವು ಕೇವಲ 4. ಇನ್ನು 4 ಉಪಗ್ರಹಗಳು ಏಕಮುಖ ಸಂದೇಶಗಳನ್ನು ಬಿತ್ತರಿಸುವುದಕ್ಕಷ್ಟೇ ಬಳಕೆಯಾಗುತ್ತಿದ್ದವು. ಒಂದು ನಿವೃತ್ತಿ ಹೊಂದಿತ್ತು. ಎರಡು ತಮ್ಮ ಉದ್ದೇಶಿತ ಕಕ್ಷೆಯನ್ನು ತಲುಪಲಿಲ್ಲ. ಇದು ಆ ಉತ್ತರದ ಸಾರಾಂಶ.

ಸಂದೇಶ ಕಳುಹಿಸಬಲ್ಲ ಉಪಗ್ರಹವೊಂದು ಸ್ಥಾನವನ್ನೇಕೆ ತಿಳಿಸಲಾರದು? ಅದರ ರೇಡಿಯೋ ಮಾತಾಡುತ್ತಿದೆ, ಸೌರಫಲಕ ವಿದ್ಯುತ್ತನ್ನು ಕೊಡುತ್ತಿದೆ. ನಿಂತುಹೋಗಿರುವುದು ಅದರೊಳಗಿನ ಗಡಿಯಾರ. ಗಡಿಯಾರವೊಂದು ನಿಂತರೆ ಕೋಟ್ಯಂತರ ರೂಪಾಯಿಗಳ ಉಪಗ್ರಹವು ತನ್ನ ಮುಖ್ಯ ಕಾಯಕವನ್ನೇ ಕಳೆದುಕೊಳ್ಳುತ್ತದೆ ಎಂಬ ಸಂಗತಿಯು ವಿಚಾರಣೆಗೆ ಯೋಗ್ಯವಾದುದು. ಹೊಲದ ಅಳತೆ, ಕಾಲುವೆಯ ನೀರು, ಸಮುದ್ರಕ್ಕಿಳಿದ ದೋಣಿ ಇವೆಲ್ಲವೂ ಇಂದು ಆ ಗಡಿಯಾರಗಳೊಡನೆ ನಂಟು ಬೆಳೆಸಿಕೊಂಡಿರುವುದರಿಂದ, ಇದನ್ನು ವಿಜ್ಞಾನಿಗಳ ಸಂಗತಿಯೆಂದು ಬದಿಗಿಡುವಂತಿಲ್ಲ.

ಹೊತ್ತಿನಿಂದ ದೂರವನ್ನು ಅಳೆಯುವುದು

ನಮ್ಮ ಹಿರಿಯರು ದೂರವನ್ನು ಹೊತ್ತಿನಿಂದಲೇ ಹೇಳುತ್ತಿದ್ದರು. ಮುಂದಿನ ಊರು ಎಷ್ಟು ದೂರವೆಂದು ಕೇಳಿದರೆ 'ಎರಡು ತಾಸಿನ ಹಾದಿ' ಎಂಬ ಉತ್ತರ ಬರುತ್ತಿತ್ತು. ನಡಿಗೆಯ ವೇಗ ಹೆಚ್ಚುಕಡಿಮೆ ಒಂದೇ ಆಗಿರುವಾಗ ಹೊತ್ತು ತಿಳಿದರೆ ದೂರ ತಿಳಿದಂತೆಯೇ. ಉಪಗ್ರಹಗಳು ಮಾಡುವುದೂ ಇದನ್ನೇ. ಅಲ್ಲಿ ನಡೆಯುವುದು ರೇಡಿಯೋ ತರಂಗ, ಅದರ ವೇಗ ಬೆಳಕಿನ ವೇಗ. ಉಪಗ್ರಹವು ತಾನು ಸಂಕೇತವನ್ನು ಕಳುಹಿಸಿದ ಕ್ಷಣವನ್ನು ಆ ಸಂಕೇತದಲ್ಲಿಯೇ ಬರೆದು ಕಳುಹಿಸುತ್ತದೆ. ನಮ್ಮ ಕೈಯಲ್ಲಿರುವ ಮೊಬೈಲು ಅದು ತಲುಪಿದ ಕ್ಷಣವನ್ನು ಗುರುತಿಸುತ್ತದೆ. ನಡುವಿನ ಹೊತ್ತನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹದ ದೂರ ದೊರೆಯುತ್ತದೆ.

ಮೂರು ಉಪಗ್ರಹಗಳ ದೂರ ತಿಳಿದರೆ ಸ್ಥಾನ ತಿಳಿಯಬೇಕು. ಆದರೆ ಮೊಬೈಲಿನಲ್ಲಿರುವ ಗಡಿಯಾರ ಅಗ್ಗದ್ದು, ಅದರ ತಪ್ಪನ್ನು ಸರಿಪಡಿಸಲು ನಾಲ್ಕನೆಯ ಉಪಗ್ರಹವೊಂದು ಬೇಕು. ಆದುದರಿಂದ ನಾಲ್ಕು ಎಂಬುದು ಯಾವುದೇ ಸ್ಥಾನಸೂಚಕ ವ್ಯವಸ್ಥೆಯ ಕನಿಷ್ಠ ಸಂಖ್ಯೆ. ಸಂಸತ್ತಿನ ಉತ್ತರದಲ್ಲಿದ್ದ 4 ಎಂಬ ಅಂಕಿಯ ಗಾಂಭೀರ್ಯವು ಇಲ್ಲಿ ಸ್ಪಷ್ಟವಾಗುತ್ತದೆ. ಅದು ಕನಿಷ್ಠದ ಅಂಚಿನಲ್ಲಿ ನಿಂತಿದ್ದ ಅಂಕಿ. ನಾಲ್ಕರಲ್ಲಿ ಒಂದು ಕೆಟ್ಟರೂ ವ್ಯವಸ್ಥೆಯು ತನ್ನ ಬಲದಿಂದಲೇ ಸ್ಥಾನವನ್ನು ಹೇಳಲಾರದು.

ಬೆಳಕು ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ, ಅಂದರೆ ಒಂದು ನ್ಯಾನೋಸೆಕೆಂಡಿನಲ್ಲಿ, ಸುಮಾರು 30 ಸೆಂಟಿಮೀಟರು ಸಾಗುತ್ತದೆ. ಗಡಿಯಾರವು ಅಷ್ಟು ತಪ್ಪಿದರೆ ಒಂದು ಅಡಿಯಷ್ಟು ದೂರ ತಪ್ಪುತ್ತದೆ. ಒಂದು ಮೈಕ್ರೋಸೆಕೆಂಡು ತಪ್ಪಿದರೆ 300 ಮೀಟರು ತಪ್ಪುತ್ತದೆ. ಹೀಗಾಗಿಯೇ ಅಲ್ಲಿ ಪರಮಾಣು ಗಡಿಯಾರಗಳು ಅನಿವಾರ್ಯ. ಲೋಲಕದ ತೂಗಾಟವಾಗಲಿ ಹರಳಿನ ಕಂಪನವಾಗಲಿ ಬಿಸಿಲು-ಚಳಿಗೆ ಬದಲಾಗುತ್ತವೆ. ಪರಮಾಣುವಿನ ಒಳಗಿನ ಲಯವು ಎಲ್ಲ ಕಾಲಕ್ಕೂ ಎಲ್ಲೆಡೆಯೂ ಒಂದೇ. 1967ರಿಂದ ಜಗತ್ತು ಒಂದು ಸೆಕೆಂಡನ್ನು ಸೀಸಿಯಂ ಪರಮಾಣುವಿನ 919,26,31,770 ಕಂಪನಗಳ ಅವಧಿಯೆಂದು ಒಪ್ಪಿಕೊಂಡಿದೆ. ಉಪಗ್ರಹಗಳಲ್ಲಿ ಹಗುರವೂ ಚಿಕ್ಕದೂ ಆದ ರುಬಿಡಿಯಂ ಗಡಿಯಾರಗಳು ಹೆಚ್ಚಾಗಿ ಬಳಕೆಯಲ್ಲಿವೆ.

ಎತ್ತರಕ್ಕೆ ತಕ್ಕಂತೆ ಓಡುವ ಕಾಲ

ಐನ್‌ಸ್ಟೀನರ ಸಾಪೇಕ್ಷತಾ ಸಿದ್ಧಾಂತವು ಹೇಳುವಂತೆ ಗುರುತ್ವ ಪ್ರಬಲವಾಗಿರುವೆಡೆ ಕಾಲ ನಿಧಾನವಾಗಿಯೂ, ಮೇಲೇರಿದಂತೆ ತುಸು ವೇಗವಾಗಿಯೂ ಸಾಗುತ್ತದೆ. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಈ ಎರಡೂ ಪರಿಣಾಮಗಳನ್ನು ಕೂಡಿ ಕಳೆದರೆ, ಅಲ್ಲಿಯ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನವೊಂದಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡುತ್ತವೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ದೂರದ ಎಣಿಕೆಯಲ್ಲಿ ದಿನಕ್ಕೆ 11 ಕಿ.ಮೀ.ಗಳಷ್ಟು ತಪ್ಪು ಬೆಳೆಯುತ್ತ ಹೋದೀತು. ನಾವು ದಾರಿ ನೋಡಲು ಮೊಬೈಲನ್ನು ತೆರೆದಾಗಲೆಲ್ಲ ಆ ಮಹನೀಯರ ಸಿದ್ಧಾಂತವು ಸದ್ದಿಲ್ಲದೆ ನೆರವಾಗುತ್ತಿರುತ್ತದೆ.

ನೌಕಾಯಾನಕ್ಕೆ ತೊಡಕಾಗಿ ಕಂಡ ಈ ಗುಣವನ್ನೇ ವಿಜ್ಞಾನಿಗಳು ಈಗ ಅಳತೆಗೋಲನ್ನಾಗಿ ಮಾಡಿಕೊಂಡಿದ್ದಾರೆ. ಎತ್ತರಕ್ಕೆ ತಕ್ಕಂತೆ ಕಾಲದ ಓಟ ಬದಲಾಗುವುದಾದರೆ, ಕಾಲದ ಓಟವನ್ನು ನೋಡಿ ಎತ್ತರವನ್ನು ಹೇಳಬಹುದಲ್ಲವೇ? 2020ರಲ್ಲಿ ಜಪಾನಿನ ಹಿದೆತೋಶಿ ಕಾತೋರಿ ಮತ್ತು ಸಂಗಡಿಗರು ಟೋಕಿಯೋದ ಸ್ಕೈಟ್ರೀ ಗೋಪುರದ ಬುಡದಲ್ಲೊಂದು, 450 ಮೀಟರು ಎತ್ತರದಲ್ಲಿ ಇನ್ನೊಂದು ಗಡಿಯಾರವನ್ನಿರಿಸಿ ನಡೆಸಿದ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಮೇಲಿನ ಗಡಿಯಾರವು ದಿನಕ್ಕೆ ಸುಮಾರು 4 ನ್ಯಾನೋಸೆಕೆಂಡು ಮುಂದಿತ್ತು. ಇಂದಿನ ಅತ್ಯುತ್ತಮ ಪ್ರಯೋಗಾಲಯ ಗಡಿಯಾರಗಳು ಒಂದೇ ಸೆಂಟಿಮೀಟರಿನ ಎತ್ತರದ ವ್ಯತ್ಯಾಸವನ್ನೂ ಗುರುತಿಸಬಲ್ಲವು.

ನೀರು ಯಾವ ಕಡೆಗೆ ಹರಿದೀತು?

ಭೂಮಿಯ ಆಕಾರ, ಗುರುತ್ವ ಮತ್ತು ಅಳತೆಗಳನ್ನು ಅರಿಯುವ ಶಾಸ್ತ್ರಕ್ಕೆ ಭೂಮಾಪನ ವಿಜ್ಞಾನವೆಂದು ಹೆಸರು. ಈ ಶಾಸ್ತ್ರದ ಅತಿ ಕಠಿಣವಾದ ಪ್ರಶ್ನೆ 'ಎತ್ತರವೆಂದರೇನು' ಎಂಬುದು. ಸಮುದ್ರಮಟ್ಟದಿಂದ ಇಷ್ಟು ಅಡಿ ಎಂದು ಹೇಳುವುದು ಸುಲಭ. ಯಾವ ಸಮುದ್ರ, ಯಾವ ತೀರ, ಯಾವ ವರ್ಷ ಎಂದು ಕೇಳಿದಾಗ ತೊಡಕು ಆರಂಭವಾಗುತ್ತದೆ. ಭಾರತದ 1909ರ ಮಟ್ಟದ ಲೆಕ್ಕವು ಒಂಬತ್ತು ಬಂದರುಗಳ ಉಬ್ಬರವಿಳಿತದ ದಾಖಲೆಗಳನ್ನು ಆಧರಿಸಿತ್ತು, ನಮ್ಮ ಕಾರವಾರ ಅವುಗಳಲ್ಲಿ ಒಂದು. ಅಲ್ಲಿಂದ ಒಳನಾಡಿಗೆ ಮಟ್ಟದ ಗುರುತುಗಳನ್ನು ಹೆಜ್ಜೆಹೆಜ್ಜೆಗೂ ಸಾಗಿಸಿಕೊಂಡು ಬರಬೇಕು. ಸಾಗಿದಷ್ಟೂ ಚಿಕ್ಕಚಿಕ್ಕ ತಪ್ಪುಗಳು ಕೂಡುತ್ತ ಹೋಗುತ್ತವೆ.

ಈ ತಪ್ಪಿನ ಬೆಲೆ ಏನೆಂಬುದನ್ನು ಯುರೋಪು ಕಂಡಿದೆ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡುಗಳ ನಡುವೆ ಲಾಫೆನ್‌ಬುರ್ಗ್ ಎಂಬಲ್ಲಿ ರೈನ್ ನದಿಗೆ ಸೇತುವೆಯನ್ನು ಎರಡೂ ದಡಗಳಿಂದ ಕಟ್ಟುತ್ತ ಬಂದರು. ಒಂದು ದೇಶವು ಎತ್ತರವನ್ನು ಉತ್ತರ ಸಮುದ್ರದಿಂದಲೂ ಇನ್ನೊಂದು ಮೆಡಿಟರೇನಿಯನ್ ಸಮುದ್ರದಿಂದಲೂ ಎಣಿಸುತ್ತಿತ್ತು. ಎರಡಕ್ಕೂ ನಡುವೆ 27 ಸೆಂಟಿಮೀಟರಿನ ವ್ಯತ್ಯಾಸವಿದೆಯೆಂಬುದು ಅಭಿಯಂತರರಿಗೆ ಗೊತ್ತಿತ್ತು. ಆದರೆ ಕೂಡಬೇಕಾದಲ್ಲಿ ಕಳೆದುದರಿಂದ ವ್ಯತ್ಯಾಸವು ಇಮ್ಮಡಿಯಾಗಿ 54 ಸೆಂಟಿಮೀಟರಾಯಿತು. 2003ರಲ್ಲಿ ತಪ್ಪು ಪತ್ತೆಯಾಗಿ ಒಂದು ದಡದ ಕೆಲಸವನ್ನು ತಿದ್ದಬೇಕಾಯಿತು.

ಉಪಗ್ರಹಗಳಿಂದ ದೊರೆಯುವ ಎತ್ತರವು ಭೂಮಿಯನ್ನು ನುಣುಪಾದ ಗಣಿತದ ಗೋಳವೆಂದು ಭಾವಿಸಿ ಎಣಿಸಿದ ಎತ್ತರ. ನೀರು ಆ ಗಣಿತವನ್ನು ಕೇಳುವುದಿಲ್ಲ, ಗುರುತ್ವವನ್ನು ಕೇಳುತ್ತದೆ. ಇವೆರಡರ ನಡುವಿನ ಅಂತರ ಚಿಕ್ಕದಲ್ಲ. ಶ್ರೀಲಂಕೆಯ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವವು ದುರ್ಬಲವಾಗಿರುವ ಕಾರಣ ಸಮುದ್ರದ ಮೇಲ್ಮೈಯೇ ಆ ಗಣಿತದ ಗೋಳಕ್ಕಿಂತ 100 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಜಗತ್ತಿನಲ್ಲಿ ಇದೇ ಅತಿ ಆಳವಾದ ಇಂತಹ ತಗ್ಗು. ಇದರ ಕಾರಣವನ್ನು ಭೂಗರ್ಭದ ಬಿಸಿ ಶಿಲಾರಾಶಿಗಳ ಏರಿಕೆಯಲ್ಲಿ ಗುರುತಿಸಿದ ಅಧ್ಯಯನವೊಂದನ್ನು 2023ರಲ್ಲಿ ಪ್ರಕಟಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಪ್ರಮುಖರು ಎಂಬುದು ನಮಗೆ ಅಭಿಮಾನದ ವಿಷಯ.

ರೈತರಿಗೆ ಇದರಿಂದೇನು ಎಂದು ಕೇಳಬಹುದು. ಬಯಲುಸೀಮೆಯ ಕಾಲುವೆಗಳಲ್ಲಿ ಕಿಲೋಮೀಟರಿಗೆ ಹತ್ತಿಪ್ಪತ್ತು ಸೆಂಟಿಮೀಟರು ಮಾತ್ರ ಇಳಿಜಾರು ಇರುವುದುಂಟು. ಮಟ್ಟದಲ್ಲಿ ಅಂಗೈಯಗಲ ತಪ್ಪಿದರೂ ಅದರ ಫಲವನ್ನು ಉಣ್ಣುವವನು ಕಾಲುವೆಯ ಕೊನೆಯ ಭಾಗದ ರೈತ. ಗಡಿಯಾರವು ಗುರುತ್ವವನ್ನೇ ನೇರವಾಗಿ ಓದುವುದರಿಂದ, ನೀರು ಒಪ್ಪುವ ಎತ್ತರವನ್ನು ಅದು ಹೇಳುತ್ತದೆ. ಇದು ಈ ಹೊಸ ವಿಧಾನದ ವಿಶೇಷ.

ದೂರದೂರದ ಎರಡು ಊರುಗಳ ಗಡಿಯಾರಗಳನ್ನು ಹೋಲಿಸುವುದು ಹೇಗೆ? ಇಲ್ಲಿಯೇ ಅಂತರಿಕ್ಷದ ಪಾತ್ರ ಬರುತ್ತದೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯು 2025ರ ಏಪ್ರಿಲ್ 21ರಂದು 'ಏಸೆಸ್' ಎಂಬ ಗಡಿಯಾರಗಳ ಜೋಡಿಯನ್ನು ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿತು. ಅದರಲ್ಲಿ ಫ್ರಾನ್ಸ್ ನಿರ್ಮಿಸಿದ 'ಫರಾವೋ' ಎಂಬ ಸೀಸಿಯಂ ಗಡಿಯಾರವೂ ಒಂದು ಹೈಡ್ರೋಜನ್ ಗಡಿಯಾರವೂ ಇವೆ. 30 ಕೋಟಿ ವರ್ಷಗಳಿಗೆ ಒಂದು ಸೆಕೆಂಡು ಮಾತ್ರ ತಪ್ಪುವಷ್ಟು ನಿಖರತೆ ಅದರ ಗುರಿ. ನಿಲ್ದಾಣವು ಸುಮಾರು 400 ಕಿ.ಮೀ. ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತ, ಯುರೋಪು, ಅಮೆರಿಕ, ಜಪಾನುಗಳ ನೆಲದ ಗಡಿಯಾರಗಳೊಡನೆ ತನ್ನ ಕಾಲವನ್ನು ಹೋಲಿಸಬೇಕು. ಆ ಹೋಲಿಕೆಯಿಂದ ಖಂಡಖಂಡಗಳ ನಡುವಿನ ಎತ್ತರದ ವ್ಯತ್ಯಾಸವನ್ನು ಹತ್ತು ಸೆಂಟಿಮೀಟರಿನ ಆಸುಪಾಸಿನಲ್ಲಿ ಅಳೆಯುವ ಆಶಯ ಇದೆ. 2025ರ ಜೂನ್-ಜುಲೈಗಳಲ್ಲಿ ನಮ್ಮ ಶುಭಾಂಶು ಶುಕ್ಲಾ ಅವರು ಅದೇ ನಿಲ್ದಾಣದೊಳಗೆ ಧಾರವಾಡದ ವಿಜ್ಞಾನಿಗಳು ರೂಪಿಸಿದ ಹೆಸರು ಮತ್ತು ಮೆಂತೆ ಕಾಳುಗಳ ಮೊಳಕೆಯ ಪ್ರಯೋಗದಲ್ಲಿ ತೊಡಗಿದ್ದಾಗ, ಈ ಗಡಿಯಾರವು ನಿಲ್ದಾಣದ ಹೊರಗೋಡೆಯ ಮೇಲಿತ್ತು.

ನಾವಿಕ್ ನಡೆದು ಬಂದ ದಾರಿ

ಈಗ ನಮ್ಮ ದೇಶದ ಕಥೆಗೆ ಬರೋಣ. ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. 2016ರ ಏಪ್ರಿಲ್ ಹೊತ್ತಿಗೆ ಏಳು ಉಪಗ್ರಹಗಳು ಕಕ್ಷೆ ಸೇರಿದವು. ಈ ಜಾಲದ ಹೃದಯಸ್ಥಾನ ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ ಇಸ್ರೋದ ಪಥದರ್ಶಕ ಕೇಂದ್ರವಿದ್ದು, ಅಲ್ಲಿಯ ಗಡಿಯಾರಗಳು ವ್ಯವಸ್ಥೆಯ ಕಾಲವನ್ನು ಕಾಯುತ್ತವೆ.

ಪ್ರತಿ ಉಪಗ್ರಹದಲ್ಲಿ ಮೂರು ರುಬಿಡಿಯಂ ಗಡಿಯಾರಗಳಿದ್ದವು. ಅವು ಸ್ವಿಟ್ಜರ್ಲೆಂಡಿನಿಂದ ಕೊಂಡು ತಂದವು. ಮೊದಲನೆಯ ಉಪಗ್ರಹದ ಮೂರೂ ಗಡಿಯಾರಗಳು ಕೆಟ್ಟ ಸಂಗತಿ 2017ರ ಆರಂಭದಲ್ಲಿ ಹೊರಬಂತು. ಅದರ ಸ್ಥಾನವನ್ನು ತುಂಬಲು ಅದೇ ವರ್ಷದ ಆಗಸ್ಟ್ 31ರಂದು ಹಾರಿಸಿದ ಉಪಗ್ರಹವು ರಾಕೆಟ್ಟಿನ ಶಾಖಕವಚ ಬಿಚ್ಚಿಕೊಳ್ಳದ ಕಾರಣ ವ್ಯರ್ಥವಾಯಿತು. 2018ರ ಏಪ್ರಿಲಿನಲ್ಲಿ ಇನ್ನೊಂದನ್ನು ಕಳುಹಿಸಲಾಯಿತು. ಬಳಿಕ ಐದು ವರ್ಷಗಳ ಕಾಲ ಹೊಸ ಉಪಗ್ರಹ ಹೋಗಲಿಲ್ಲ. ಈ ನಡುವೆ ಹಳೆಯವುಗಳ ಗಡಿಯಾರಗಳು ಒಂದೊಂದಾಗಿ ನಿಂತವು.

2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹವು ಹೊಸ ಅಧ್ಯಾಯವನ್ನು ತೆರೆಯಿತು. ಅಹಮದಾಬಾದಿನ ಇಸ್ರೋ ಕೇಂದ್ರವು ರೂಪಿಸಿದ ಸ್ವದೇಶಿ ರುಬಿಡಿಯಂ ಗಡಿಯಾರ ಮೊದಲ ಬಾರಿಗೆ ಅದರಲ್ಲಿ ಪ್ರಯಾಣಿಸಿತು. ಇಂತಹ ಗಡಿಯಾರವನ್ನು ತಯಾರಿಸಬಲ್ಲ ದೇಶಗಳು ಕೆಲವೇ ಕೆಲವು. ಆದರೆ 2025ರ ಜನವರಿ 29ರಂದು ಹಾರಿದ ಎನ್‌ವಿಎಸ್-02, ಶ್ರೀಹರಿಕೋಟದ ನೂರನೆಯ ಉಡಾವಣೆಯೆಂಬ ಸಂಭ್ರಮದೊಡನೆ ಕಕ್ಷೆಗೇರಿದರೂ, ಇಂಜಿನ್ನಿಗೆ ಆಕ್ಸಿಡೈಸರನ್ನು ಬಿಡುವ ಕವಾಟ ತೆರೆಯದೆ ತನ್ನ ನಿಜವಾದ ಕಕ್ಷೆಯನ್ನು ಮುಟ್ಟಲಿಲ್ಲ. ಗಡಿಯಾರ ಸಿದ್ಧವಾಗಿತ್ತು, ದಾರಿ ತಪ್ಪಿತು.

ವೈಫಲ್ಯವನ್ನು ಹೇಗೆ ನೋಡಬೇಕು?

ಇಂತಹ ಸಂದರ್ಭಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಎಲ್ಲವೂ ಚೆನ್ನಾಗಿದೆಯೆಂದು ಬೆನ್ನು ತಟ್ಟಿಕೊಳ್ಳುವ ಮಾತು ಒಂದು, ನಮ್ಮವರಿಂದ ಏನೂ ಆಗದೆಂದು ಹೀಗಳೆಯುವ ಮಾತು ಇನ್ನೊಂದು. ನಾವು ಎರಡನ್ನೂ ಒಪ್ಪುವುದಿಲ್ಲ.

ಗಡಿಯಾರಗಳು ಕೆಟ್ಟದ್ದು ನಮ್ಮಲ್ಲಿ ಮಾತ್ರವಲ್ಲ. 2017ರ ಜನವರಿಯಲ್ಲಿ ಯುರೋಪಿನ 'ಗೆಲಿಲಿಯೋ' ವ್ಯವಸ್ಥೆಯ 18 ಉಪಗ್ರಹಗಳಲ್ಲಿ 9 ಗಡಿಯಾರಗಳು ನಿಂತಿವೆಯೆಂದು ಅಲ್ಲಿಯ ಸಂಸ್ಥೆಯೇ ಪ್ರಕಟಿಸಿತು. ಆದರೂ ಅವರ ಸೇವೆ ನಿಲ್ಲಲಿಲ್ಲ. ಪ್ರತಿ ಉಪಗ್ರಹದಲ್ಲಿಯೂ ಎರಡು ಬೇರೆ ಬೇರೆ ಬಗೆಯ ನಾಲ್ಕು ಗಡಿಯಾರಗಳಿದ್ದವು, ಬದಲಿ ಉಪಗ್ರಹಗಳು ಸಾಲಾಗಿ ಸಿದ್ಧವಾಗುತ್ತಿದ್ದವು. ಅವರಿಗೂ ನಮಗೂ ಇರುವ ವ್ಯತ್ಯಾಸವು ಜಾಣ್ಮೆಯದಲ್ಲ, ಮೀಸಲಿನದು. ಬಿತ್ತನೆಯ ಬೀಜವನ್ನು ಕಣಜದಲ್ಲಿ ಎತ್ತಿಡದ ರೈತ ಒಂದು ಮಳೆ ತಪ್ಪಿದರೆ ಕೈಕಟ್ಟಿ ಕೂರಬೇಕಾಗುತ್ತದೆ. ಏಳು ಉಪಗ್ರಹಗಳ ವ್ಯವಸ್ಥೆಗೆ ನೆಲದ ಮೇಲೆ ಸಿದ್ಧವಾಗಿ ನಿಂತ ಸಾಕಷ್ಟು ಬದಲಿಗಳಿರಬೇಕಾಗಿತ್ತು. ಐದು ವರ್ಷಗಳ ವಿರಾಮವೇ ನಮ್ಮ ನೋಟದಲ್ಲಿ ಗಡಿಯಾರದ ದೋಷಕ್ಕಿಂತ ದೊಡ್ಡ ದೋಷ.

ವೈಫಲ್ಯದಿಂದಲೂ ಫಲವನ್ನು ತೆಗೆಯಬಹುದೆಂಬುದಕ್ಕೂ ಗೆಲಿಲಿಯೋ ಉದಾಹರಣೆಯಾಗಿದೆ. 2014ರಲ್ಲಿ ಅದರ ಎರಡು ಉಪಗ್ರಹಗಳು ತಪ್ಪಾದ ಉದ್ದನೆಯ ಕಕ್ಷೆಗೆ ಸೇರಿದವು. ಅವು ಭೂಮಿಗೆ ಹತ್ತಿರ ಬಂದು ದೂರ ಹೋಗುವುದರಿಂದ ಅವುಗಳ ಗಡಿಯಾರಗಳ ಓಟವೂ ಏರಿಳಿಯುತ್ತದೆ. ವಿಜ್ಞಾನಿಗಳು ಆ ಏರಿಳಿತವನ್ನೇ ಅಳೆದು, ಐನ್‌ಸ್ಟೀನರ ಮಾತನ್ನು 1976ರ ಪ್ರಸಿದ್ಧ ಪ್ರಯೋಗಕ್ಕಿಂತ ಹೆಚ್ಚು ನಿಖರವಾಗಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ನಮ್ಮ ಎನ್‌ವಿಎಸ್-02 ಕೂಡ ಉದ್ದನೆಯ ಕಕ್ಷೆಯಲ್ಲಿ ಸಿಲುಕಿತು. ಅದನ್ನು ಅದೇ ಕಕ್ಷೆಯಲ್ಲಿ ಬಳಸುವ ಬಗೆಯನ್ನು ಪರಿಶೀಲಿಸುವುದಾಗಿ ಇಸ್ರೋ ಆಗಲೇ ತಿಳಿಸಿತ್ತು.

ನಮ್ಮದೇ ಏಕೆ ಬೇಕು?

ಮೊಬೈಲುಗಳು ಅಮೆರಿಕ, ಯುರೋಪು, ರಷ್ಯಾ, ಚೀನಾಗಳ ಸಂಕೇತಗಳನ್ನು ಪುಕ್ಕಟೆಯಾಗಿ ಪಡೆಯುತ್ತಿರುವಾಗ ನಮ್ಮದೇ ವ್ಯವಸ್ಥೆಗೆ ಹಣ ಏಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಉತ್ತರ ಇತಿಹಾಸದಲ್ಲಿದೆ. 2000ದ ಮೇ ತಿಂಗಳವರೆಗೆ ಅಮೆರಿಕವು ನಾಗರಿಕರಿಗೆ ದೊರೆಯುವ ಜಿಪಿಎಸ್ ಸಂಕೇತವನ್ನು ಉದ್ದೇಶಪೂರ್ವಕವಾಗಿ ಕೆಡಿಸಿ ಕೊಡುತ್ತಿತ್ತು. ಗಡಿಯಾರದ ಸಂಕೇತವನ್ನು ತುಸು ಅಲುಗಾಡಿಸಿದರೆ ಸಾಕಾಗಿತ್ತು, ಸ್ಥಾನವು ನೂರು ಮೀಟರಿನಷ್ಟು ತಪ್ಪುತ್ತಿತ್ತು. ಅದನ್ನು ನಿಲ್ಲಿಸಿದವರು ಅವರೇ, ತಮ್ಮ ನಿರ್ಧಾರದಂತೆ. ಕೀಲಿಕೈ ಇನ್ನೊಬ್ಬರ ಕೈಯಲ್ಲಿರುವ ಮನೆಯಲ್ಲಿ ನಿಶ್ಚಿಂತೆಯಿಂದ ಮಲಗಲಾಗದು.

ಭೂಮಿಯ ಅಳತೆಯಲ್ಲಿಯೂ ಇದೇ ಮಾತು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿಯಿಂದ ಆಧಾರರೇಖೆಯನ್ನು ಅಳೆದ ದಿನಗಳಿಂದ ಇಂದಿನವರೆಗೆ ನೆಲದ ಅಳತೆಯು ಬಹುದೂರ ಸಾಗಿ ಬಂದಿದೆ. 33 ಅಡಿಯ ಸರಪಳಿ ಎಳೆದು ಗುಂಟೆ-ಆಣೆಗಳ ಲೆಕ್ಕದಲ್ಲಿ ಹದ್ದುಬಸ್ತು ಮಾಡುತ್ತಿದ್ದ ಭೂಮಾಪಕರ ಕೈಗೆ ಈಗ ಉಪಗ್ರಹ ಸಂಕೇತವನ್ನು ಓದುವ ರೋವರ್ ಉಪಕರಣಗಳು ಬಂದಿವೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳ ಗಡಿಯನ್ನು ಡ್ರೋನುಗಳು ಗುರುತಿಸುತ್ತಿವೆ. ಬದುವಿಗಾಗಿ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲು ಹತ್ತುವ ನಾಡಿನಲ್ಲಿ, ಆ ಬದುವನ್ನು ಗುರುತಿಸುವ ಸಂಕೇತ ಯಾರದು ಎಂಬ ಪ್ರಶ್ನೆ ಚಿಕ್ಕದಲ್ಲ.

ಕಾಲವೂ ಅಷ್ಟೇ. ಬ್ಯಾಂಕಿನ ವಹಿವಾಟು, ವಿದ್ಯುತ್ ಜಾಲ, ದೂರವಾಣಿ ಗೋಪುರಗಳು ಒಂದೇ ಕಾಲಕ್ಕೆ ಹೊಂದಿಕೊಂಡು ನಡೆಯಬೇಕು. ಅನೇಕ ಕಡೆ ಆ ಕಾಲವನ್ನು ವಿದೇಶಿ ಉಪಗ್ರಹಗಳಿಂದಲೇ ಪಡೆಯಲಾಗುತ್ತಿದೆ. ಇದನ್ನು ಬದಲಿಸಿ, ದೇಶದಾದ್ಯಂತ ಭಾರತೀಯ ಪ್ರಮಾಣಕಾಲವನ್ನೇ ಬಳಸಬೇಕೆಂಬ ಕರಡು ನಿಯಮಗಳು 2025ರ ಜನವರಿಯಲ್ಲಿ ಪ್ರಕಟವಾದವು. ಈ ಕಾಲವನ್ನು ಹಂಚಲು ಗುರುತಿಸಿದ ಐದು ಕೇಂದ್ರಗಳಲ್ಲಿ ಬೆಂಗಳೂರೂ ಒಂದು.

ಸಮುದ್ರದ ಮೇಲಿರುವವರನ್ನೂ ನೆನೆಯಬೇಕು. ಗಡಿಯಾರ ನಿಂತ ಉಪಗ್ರಹಗಳು ಕೂಡ ಚಂಡಮಾರುತದ ಮುನ್ನೆಚ್ಚರಿಕೆಯಂತಹ ಸಂದೇಶಗಳನ್ನು ಮೀನುಗಾರರಿಗೆ ತಲುಪಿಸಲು ಉಪಯುಕ್ತ. 2017ರ ಓಖಿ ಚಂಡಮಾರುತದಲ್ಲಿ ದೂರ ಸಾಗಿದ್ದ ದೋಣಿಗಳಿಗೆ ಎಚ್ಚರಿಕೆ ತಲುಪದೆ ಆದ ಪ್ರಾಣಹಾನಿಯನ್ನು ಕರಾವಳಿಯು ಮರೆತಿಲ್ಲ. ಆದರೆ ಬಿರುಗಾಳಿ ಬರುತ್ತಿದೆಯೆಂದು ತಿಳಿದವನಿಗೆ ತಾನು ಎಲ್ಲಿದ್ದೇನೆ, ದಡ ಯಾವ ಕಡೆಗಿದೆ ಎಂಬುದೂ ತಿಳಿಯಬೇಕು. ಮೊದಲನೆಯದನ್ನು ರೇಡಿಯೋ ಹೇಳಿದರೆ ಎರಡನೆಯದನ್ನು ಗಡಿಯಾರ ಹೇಳಬೇಕು.

ಮುಂದೇನು?

ಎನ್‌ವಿಎಸ್-03 ಅನ್ನು 2025ರ ಅಂತ್ಯದೊಳಗೆ, ಬಳಿಕ ಆರು ತಿಂಗಳ ಅಂತರದಲ್ಲಿ ಇನ್ನೆರಡನ್ನು ಹಾರಿಸುವ ಯೋಜನೆಯಿದೆಯೆಂದು ಸಂಸತ್ತಿಗೆ ತಿಳಿಸಲಾಗಿತ್ತು. ಉಡಾವಣೆಯ ದಿನ ಚಪ್ಪಾಳೆ ತಟ್ಟುವುದು ಸುಲಭ. ಆ ಕಾಲಪಟ್ಟಿ ಏನಾಯಿತು, ಬದಲಿ ಉಪಗ್ರಹಗಳೆಷ್ಟು, ಗಡಿಯಾರಗಳ ಸ್ಥಿತಿ ಹೇಗಿದೆ ಎಂದು ವರ್ಷವರ್ಷವೂ ಕೇಳುವುದು ಪ್ರಜೆಗಳ ಹೊಣೆ. ಗೆಲಿಲಿಯೋದವರು ತಮ್ಮ ಗಡಿಯಾರಗಳ ದೋಷವನ್ನು ತಾವೇ ಜಗತ್ತಿಗೆ ತಿಳಿಸಿದರು. ನಮ್ಮಲ್ಲಿಯೂ ಇಂತಹ ವಿವರ ಪ್ರಶ್ನೆ ಕೇಳುವ ಮುನ್ನವೇ ಜನರ ಮುಂದೆ ಬರಬೇಕು. ಸತ್ಯವನ್ನು ಮೊದಲೇ ಹೇಳಿದ ಸಂಸ್ಥೆಯ ಮೇಲಿನ ಗೌರವ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ಇನ್ನೊಂದು ಮಾತನ್ನು ನಮ್ಮ ಯುವಕ-ಯುವತಿಯರಿಗೆ ಹೇಳಬಯಸುತ್ತೇವೆ. ರಾಕೆಟ್ಟು ಎಲ್ಲರ ಕಣ್ಣಿಗೆ ಬೀಳುತ್ತದೆ, ಗಡಿಯಾರ ಯಾರಿಗೂ ಕಾಣುವುದಿಲ್ಲ. ಅಂಗೈಯಗಲದ ಪೆಟ್ಟಿಗೆಯಲ್ಲಿ ತುಸು ರುಬಿಡಿಯಂ ಆವಿಯನ್ನು ವರ್ಷಗಟ್ಟಲೆ ಒಂದೇ ಲಯದಲ್ಲಿ ಕಾಪಾಡುವ ಕೆಲಸಕ್ಕೆ ಭೌತಶಾಸ್ತ್ರ, ವಿದ್ಯುನ್ಮಾನ, ಲೋಹವಿದ್ಯೆ ಎಲ್ಲವೂ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಯಾರೂ ನೋಡದ ಕಡೆಯಲ್ಲಿಯೂ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಮನಸ್ಸು ಬೇಕು. ನಿಖರ ಮಾಪನದ ವಿದ್ಯೆಯನ್ನು ಕಲಿಯುವವರು ನಮ್ಮ ಶಾಲೆ-ಕಾಲೇಜುಗಳಿಂದ ಹೆಚ್ಚಿಗೆ ಬರಲಿ. ನಾಡಿನ ನೆಲೆಯನ್ನು ಕಾಯುವವರು ಕಾಲವನ್ನು ಕಾಯುವವರೇ.